ಕತ್ತಿ ಬಿಟ್ಟ ಕನಕ, ಬೀಡಿ ಬಿಡಲಾರದ ನಾವು



ಬ್ಯಾಡಗಿಯಿಂದ ಕಾಗಿನೆಲೆಗೆ ಹೊರಟಾಗ ಮೆಣಸಿನಕಾಯಿಯ ಘಾಟು ಊರು ದಾಟುವವರೆಗೂ ನಮ್ಮ ಬೆನ್ನು ಬಿಡಲಿಲ್ಲ. ಸುಗ್ಗಿಯ ದಿನಗಳು, ಪೇಟೆಯ ತುಂಬ ಕೆಂಪು ರಾಶಿ. ನಮ್ಮೊಡನೆ ಬಂದ ಭಕ್ತರೆಲ್ಲ ಮೂಗಿಗೆ ಅರಿವೆ ಹಿಡಿದುಕೊಂಡು ಕೆಮ್ಮುತ್ತ ಕುಳಿತಿದ್ದರು. ಕಾಗಿನೆಲೆಯಲ್ಲಿ ಇಳಿದು ಆದಿಕೇಶವನ ಗುಡಿಯ ಕಡೆಗೆ ನಡೆಯುವಷ್ಟರಲ್ಲಿ ಅವರಲ್ಲಿ ಒಬ್ಬ ಹಿರಿಯರು ಹಿಂದೆ ಉಳಿದರು. ತಿರುಗಿ ನೋಡಿದರೆ ಗೋಡೆಯ ಮರೆಗೆ ನಿಂತು ಬೀಡಿ ಹಚ್ಚಿದ್ದರು. ಮೆಣಸಿನ ಘಾಟಿಗೆ ಹೆದರಿ ಮೂಗು ಮುಚ್ಚಿಕೊಂಡಿದ್ದ ಅದೇ ಅರಿವೆ ಹೆಗಲ ಮೇಲಿತ್ತು! ಹಾದಿಯಲ್ಲಿ ತಾನಾಗಿ ಬಂದ ಘಾಟನ್ನು ತಾಳಲಾರದ ಮೂಗು, ದುಡ್ಡು ಕೊಟ್ಟು ತಂದ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನಮ್ಮನ್ನು ಕಂಡು ಅವರಿಗೆ ನಾಚಿಕೆಯಾಯಿತು. ಬೀಡಿಯ ತುದಿಯನ್ನು ಕಲ್ಲಿಗೆ ಒತ್ತಿ ಆರಿಸಿದರು. ಆದರೆ ಒಗೆಯಲಿಲ್ಲ. ಅರ್ಧ ಉಳಿದ ಆ ಬೀಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಕೈಮುಗಿದು ಒಳಗೆ ಬಂದರು.

ಗುಡಿಯ ಬಾಗಿಲಲ್ಲಿ ಚಪ್ಪಲಿ ಬಿಡುವದನ್ನೂ ನಾವು ಬಿಡುವದೆಂದೇ ಕರೆಯುತ್ತೇವೆ. ಆದರೆ ಅದು ತಿರುಗಿ ಬಂದು ಮೆಟ್ಟಿಕೊಳ್ಳುವದಕ್ಕಾಗಿ ಬಿಟ್ಟದ್ದು. ಕಿವಿಯ ಮೇಲಿನ ಅರ್ಧ ಬೀಡಿಯೂ ಹಾಗೆಯೇ. ಬೀಡಿ, ಸಿಗರೇಟು, ಗುಟ್ಖಾ, ತಂಬಾಕು ಇವುಗಳನ್ನು ಒಮ್ಮೆಯೂ ಬಿಡದವರು ನಮ್ಮಲ್ಲಿ ಬಹಳ ಕಡಿಮೆ. ಎಲ್ಲರೂ ಬಿಟ್ಟವರೇ. ಶ್ರಾವಣ ಮಾಸದಲ್ಲಿ ಬಿಟ್ಟವರು, ಮಾಲೆ ಹಾಕಿದಾಗ ಬಿಟ್ಟವರು, ಆಸ್ಪತ್ರೆಯಲ್ಲಿ ಮಲಗಿದಾಗ ಬಿಟ್ಟವರು. ಬಿಟ್ಟದ್ದನ್ನು ತಿರುಗಿ ಮುಟ್ಟದವರು ಮಾತ್ರ ವಿರಳ. ಇದೇ ಕಾಗಿನೆಲೆಯಲ್ಲಿ ಸುಮಾರು ಐದು ನೂರು ವರ್ಷಗಳ ಹಿಂದೆ ಒಬ್ಬರು ತಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟರು, ಸಾಯುವತನಕ ತಿರುಗಿ ಮುಟ್ಟಲಿಲ್ಲ. ಅವರೇ ಕನಕದಾಸರು. ಅವರು ಹರಿದಾಸ ಪರಂಪರೆಯವರು. ಶಿವಶರಣರ ಮಾತಿಗೆ ಮೀಸಲಾದ ಈ ಅಂಕಣದಲ್ಲಿ ಅವರ ಚರಿತ್ರೆಯೇಕೆ ಎಂದು ಯಾರಾದರೂ ಕೇಳಿಯಾರು. ಕಾಗಿನೆಲೆಯ ಸುತ್ತಿನ ಹಳ್ಳಿಗಳಲ್ಲಿ ಬೆಳೆದವರು ಆ ಪ್ರಶ್ನೆಯನ್ನು ಕೇಳಲಾರರು.

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ, ಬಂಕಾಪುರದ ಹತ್ತಿರ, ಬಾಡ ಎಂಬ ಊರಿದೆ. ಕನಕದಾಸರು ಹುಟ್ಟಿದ್ದು ಅಲ್ಲಿ, 1509ರಲ್ಲಿ ಎಂದು ಬಹಳ ಮಂದಿ ವಿದ್ವಾಂಸರು ಒಪ್ಪಿದ್ದಾರೆ. ತಂದೆ ಬೀರಪ್ಪ, ತಾಯಿ ಬಚ್ಚಮ್ಮ. ಕುರುಬರ ಮನೆತನ. ತಿರುಪತಿಯ ತಿಮ್ಮಪ್ಪನಿಗೆ ಹರಕೆ ಹೊತ್ತು ಪಡೆದ ಮಗನಾದ್ದರಿಂದ ತಿಮ್ಮಪ್ಪನೆಂದೇ ಹೆಸರಿಟ್ಟರು. ಬೀರಪ್ಪನವರು ವಿಜಯನಗರದ ಅರಸರ ಕೆಳಗೆ ಆ ಭಾಗದ ದಂಡನಾಯಕರು. ಮಗನಿಗೂ ಕುದುರೆ ಸವಾರಿ, ಕತ್ತಿವರಸೆ, ಅದರೊಡನೆ ಓದು ಬರಹ ಎಲ್ಲವೂ ಬಂದವು. ತಂದೆ ತೀರಿಕೊಂಡ ಮೇಲೆ ನಾಯಕತನವೂ ಬಂತು. ಮುಂದೆ ನೆಲ ಅಗೆಯುವಾಗ ಕೊಪ್ಪರಿಗೆ ಹೊನ್ನು ದೊರಕಿತು, ಅದನ್ನು ತನ್ನ ಮನೆಗೆ ಇಟ್ಟುಕೊಳ್ಳದೆ ದೇವರಿಗೂ ಜನರಿಗೂ ಖರ್ಚು ಮಾಡಿದ, ಅಂದಿನಿಂದ ತಿಮ್ಮಪ್ಪನಾಯಕ ಕನಕನಾಯಕನಾದ ಎಂದು ಜನ ಹೇಳುತ್ತಾರೆ. ಬಾಡದಲ್ಲಿದ್ದ ಆದಿಕೇಶವನನ್ನು ಕಾಗಿನೆಲೆಗೆ ತಂದು ಗುಡಿ ಕಟ್ಟಿಸಿದ್ದೂ ಅವರೇ ಎಂಬುದು ಪರಂಪರೆಯ ಮಾತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕನಕನಾಯಕರು ದೇವರನ್ನು ಅರಿಯದವರಾಗಿರಲಿಲ್ಲ. ಗುಡಿ ಕಟ್ಟಿಸಿದವರು, ದಾನ ಮಾಡಿದವರು. ಒಳ್ಳೆಯದು ಯಾವುದು ಎಂಬುದು ಅವರಿಗೆ ಗೊತ್ತಿತ್ತು. ಹಾಗೆಯೇ ಬೀಡಿ ಸೇದುವ ಯಾವ ಮನುಷ್ಯನೂ ಅದು ಕೆಟ್ಟದ್ದೆಂದು ತಿಳಿಯದೆ ಸೇದುವದಿಲ್ಲ. ಪೊಟ್ಟಣದ ಮೇಲೆಯೇ ಚಿತ್ರ ಹಾಕಿದ್ದಾರೆ, ಕಟ್ಟಿನ ಮೇಲೆಯೇ ಬರೆದಿದ್ದಾರೆ. ತಿಳಿವಳಿಕೆಯ ಕೊರತೆಯಿಂದ ಜನ ಕೆಡುತ್ತಿದ್ದಾರೆ ಎಂದು ತಿಳಿದು ಗಂಟೆಗಟ್ಟಲೆ ಉಪದೇಶ ಮಾಡುವವರು ನಮ್ಮಲ್ಲಿಯೂ ಇದ್ದಾರೆ. ಕೇಳುವವರು ತಲೆಯಾಡಿಸುತ್ತಾರೆ, ಹೊರಗೆ ಬಂದು ಕಡ್ಡಿ ಗೀರುತ್ತಾರೆ.

ಕನಕದಾಸರ ಕಾಲದಲ್ಲಿ ತಂಬಾಕು ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ಅದು ಹೊರದೇಶದಿಂದ ಬಂದ ಗಿಡ, ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಅಕ್ಬರ ಬಾದಶಹನ ದೂತನಾದ ಅಸದ್ ಬೇಗ್ ಎಂಬವನು 1604ರ ಸುಮಾರಿಗೆ ವಿಜಾಪುರಕ್ಕೆ ಬಂದಾಗ ಮೊದಲ ಸಲ ತಂಬಾಕನ್ನು ಕಂಡು ಆಶ್ಚರ್ಯಪಟ್ಟು, ಒಂದಿಷ್ಟನ್ನು ಕೊಳವೆಯ ಸಮೇತ ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಆಗ ವೈದ್ಯರು ಬೇಡವೆಂದರೂ ದರಬಾರದ ದೊಡ್ಡ ಮಂದಿ ಒಬ್ಬೊಬ್ಬರಾಗಿ ಅದರ ರುಚಿ ನೋಡಿದರು. ಕನಕದಾಸರು ನೂರರ ಹತ್ತಿರ ಬಾಳಿದರೆಂಬ ಪರಂಪರೆಯ ಮಾತನ್ನು ಒಪ್ಪಿದರೆ, ಅವರ ಮುಪ್ಪಿನ ಕಾಲಕ್ಕೆ ಈ ಹೊಗೆ ಪಕ್ಕದ ವಿಜಾಪುರಕ್ಕೆ ಬಂದಿತ್ತು ಎಂದಾಯಿತು. ಕಾಗಿನೆಲೆಗೆ ಬರುವದಕ್ಕೆ ಇನ್ನೂ ಸಮಯವಿತ್ತು. ಆದ್ದರಿಂದ ಅವರು ಬಿಟ್ಟದ್ದು ಹೊಗೆಯನ್ನಲ್ಲ. ಅವರು ಬಿಟ್ಟದ್ದು ಕತ್ತಿಯನ್ನು, ನಾಯಕತನವನ್ನು, ಹತ್ತು ಮಂದಿ ಎದ್ದು ನಿಂತು ಮುಜುರೆ ಮಾಡುವ ಸುಖವನ್ನು. ಆ ಸುಖದ ಹಿಡಿತ ಬೀಡಿಯ ಹಿಡಿತಕ್ಕಿಂತ ಸಡಿಲವಾದದ್ದೆಂದು ತಿಳಿಯಬೇಡಿರಿ. ಕುರ್ಚಿಯಿಂದ ಇಳಿದವರ ಮುಖವನ್ನು ನೀವೆಲ್ಲ ನೋಡಿದ್ದೀರಿ.

ಕನಕನಾಯಕರಿಗೆ ಕನಸಿನಲ್ಲಿ ಆದಿಕೇಶವ ಕಾಣಿಸಿಕೊಂಡು, ಇದನ್ನೆಲ್ಲ ಬಿಟ್ಟು ನನ್ನ ದಾಸನಾಗು ಎಂದು ಕರೆದನಂತೆ. ನಾಯಕರು ಒಪ್ಪಲಿಲ್ಲ. ದಾಸನಾಗಿ ಬುಟ್ಟಿ ಹಿಡಿದು ಮನೆ ಮನೆ ತಿರುಗುವದು ತನ್ನಿಂದಾಗದು, ತಾನು ಆಳುವವನೇ ಹೊರತು ಬೇಡುವವನಲ್ಲ ಎಂದುಕೊಂಡು ಮಗ್ಗುಲಾದರು. ಬೆಳಗಾಯಿತು, ಕುದುರೆ ಏರಿದರು, ಕನಸು ಮರೆಯಿತು. ಕರೆ ಮತ್ತೆ ಬಂತು, ಮತ್ತೆ ಒಲ್ಲೆನೆಂದರು. ಈ ನಡುವೆ ಮನೆಯಲ್ಲಿ ಸಾವುಗಳಾದವು, ಹತ್ತಿರದವರು ಒಬ್ಬೊಬ್ಬರಾಗಿ ಅಗಲಿದರು. ಆದರೂ ಕತ್ತಿ ಒರೆಯಲ್ಲಿಯೇ ಇತ್ತು.

ಭಕ್ತರೆ, ಈ ಕಥೆಯಲ್ಲಿ ನಮಗೆ ಬಹಳ ಸೇರುವ ಭಾಗ ಇದೇ. ಪುರಾಣಗಳಲ್ಲಿ ದೇವರು ಕರೆದ ಕೂಡಲೇ ಭಕ್ತ ಓಡಿಹೋಗುತ್ತಾನೆ. ಕನಕರು ಓಡಿಹೋಗಲಿಲ್ಲ, ತಪ್ಪಿಸಿಕೊಂಡರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಇಂದು ನಾವು ಯಾರ ಹೆಸರನ್ನು ಹೇಳಿ ಕೈಮುಗಿಯುತ್ತೇವೆಯೋ ಅವರೂ ಮೊದಲನೆಯ ಸಲಕ್ಕೆ ಬಿಡಲಿಲ್ಲ. ಬೀಡಿ ಬಿಡಲು ಹೋಗಿ ನಾಲ್ಕು ಸಲ ಸೋತ ಮನುಷ್ಯ ಮಠಕ್ಕೆ ಬಂದು ತಲೆ ತಗ್ಗಿಸಿ ನಿಲ್ಲುತ್ತಾನೆ, ತಾನು ದುರ್ಬಲ, ತನ್ನಿಂದ ಆಗದು ಎನ್ನುತ್ತಾನೆ. ಯಾರ ಸಹಾಯವೂ ಇಲ್ಲದೆ, ಬರೀ ಮನಸ್ಸಿನ ಬಲದಿಂದ ಬಿಡಲು ಹೊರಟವರಲ್ಲಿ ನೂರಕ್ಕೆ ನಾಲ್ಕು ಪ್ರಯತ್ನಗಳು ಮಾತ್ರ ಸಫಲವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಉಳಿದ ತೊಂಬತ್ತಾರೂ ದುರ್ಬಲರ ಪ್ರಯತ್ನಗಳೆಂದು ಹೇಳಲಾದೀತೆ? 2016-17ರಲ್ಲಿ ಸರಕಾರ ನಡೆಸಿದ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಸೇವಿಸುತ್ತಿದ್ದರು. ಗಂಡಸರಲ್ಲಿ ಮೂವರಿಗೆ ಒಬ್ಬರಿಗಿಂತ ಹೆಚ್ಚು. ಇವರೆಲ್ಲರಿಗೂ ಒಮ್ಮೆಯಲ್ಲ ಒಮ್ಮೆ ಕನಸು ಬಿದ್ದೇ ಇರುತ್ತದೆ. ಮಗಳ ಮದುವೆ ಮುಗಿಯಲಿ, ಯುಗಾದಿಯಿಂದ ಬಿಟ್ಟರಾಯಿತು, ಈ ಕಟ್ಟು ತೀರಲಿ ಎಂದು ಮಗ್ಗುಲಾಗಿರುತ್ತಾರೆ.

ಮುಂದೆ ಒಂದು ಕಾಳಗವಾಯಿತು. ಕನಕನಾಯಕರು ಸೋತರು. ಮೈತುಂಬ ಗಾಯವಾಗಿ ರಣದಲ್ಲಿ ಬಿದ್ದರು. ಸತ್ತರೆಂದು ತಿಳಿದು ಶತ್ರುಗಳು ಬಿಟ್ಟುಹೋದರು. ಹದ್ದು ಕಾಗೆಗಳ ನಡುವೆ ಬಿದ್ದವರ ಹತ್ತಿರ ಆದಿಕೇಶವ ಮತ್ತೆ ಬಂದು, ಈಗಲಾದರೂ ದಾಸನಾಗುವೆಯಾ ಎಂದು ಕೇಳಿದನಂತೆ. ಆಗ ಅವರು ಏನು ಮಾಡಿದರೆಂದು ಬಲ್ಲಿರಾ? ಚೌಕಾಶಿ ಮಾಡಿದರು! ಮೊದಲು ಈ ಗಾಯಗಳ ನೋವನ್ನು ತೆಗೆ, ಆಮೇಲೆ ನೋಡೋಣ ಎಂದರಂತೆ. ನೋವು ಹೋಯಿತು. ಹೋದ ಮೇಲೆ, ನಾನು ನೆನೆದಾಗಲೆಲ್ಲ ಬರಬೇಕು ಎಂದು ಇನ್ನೊಂದು ಕರಾರು ಹಾಕಿದರು. ಅದಕ್ಕೂ ದೇವರು ಒಪ್ಪಿದ. ಆಗ ಕತ್ತಿ ಕೆಳಗೆ ಬಿತ್ತು.

ಆಸ್ಪತ್ರೆಯ ಹಾಸಿಗೆಯಲ್ಲಿ ಇಂಥ ಕರಾರು ನಡೆಯದ ದಿನವಿಲ್ಲ. ಎದೆನೋವು ಬಂದು ಮಲಗಿದವರು ದೇವರಿಗೆ ಮಾತು ಕೊಡುತ್ತಾರೆ, ನೋವು ಇಳಿದ ಮೇಲೆ ಮಾತೂ ಇಳಿಯುತ್ತದೆ. ಹೆದರಿಕೆ ಬೀಡಿಯನ್ನು ಕೈಯಿಂದ ಬೀಳಿಸಬಲ್ಲದು, ನಿಜ. ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳದ ಹಾಗೆ ನೋಡಿಕೊಳ್ಳುವದು ಹೆದರಿಕೆಯ ಕೈಯಲ್ಲಿಲ್ಲ. ಹಾಗಾದರೆ ಕನಕರು ಗಾಯ ಮಾಯ್ದ ಮೇಲೆ ಬಾಡಕ್ಕೆ ಹೋಗಿ ಮತ್ತೆ ಕುದುರೆ ಏರಲಿಲ್ಲವೇಕೆ? ನಾವು ಕೇಳಬೇಕಾದದ್ದು ಈ ಪ್ರಶ್ನೆಯನ್ನು.

ಮೊದಲನೆಯದಾಗಿ ಅವರು ಕೈಯನ್ನು ಬರಿದಾಗಿ ಇಡಲಿಲ್ಲ. ಕತ್ತಿ ಹಿಡಿದು ರೂಢಿಯಾದ ಕೈ ಅದು. ಆ ಕೈಗೆ ತಂಬೂರಿಯನ್ನು ಕೊಟ್ಟರು. ಇನ್ನೊಂದು ಕೈಗೆ ತಾಳ. ಆಜ್ಞೆ ಮಾಡಿ ರೂಢಿಯಾದ ಬಾಯಿಗೆ ಹಾಡನ್ನು ಕೊಟ್ಟರು. ಬಿಟ್ಟ ಜಾಗ ಖಾಲಿ ಇದ್ದರೆ ಹಳೆಯ ಒಕ್ಕಲು ತಿರುಗಿ ಬರುತ್ತದೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ವೈದ್ಯರು ಇಂದು ಹೇಳುವದೂ ಇದೇ. ಹೊಗೆಯನ್ನು ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದರೊಳಗಿನ ನಿಕೋಟಿನ್ ಎಂಬ ವಿಷ ಮಿದುಳಿಗೆ ಮುಟ್ಟುತ್ತದೆ. ಮಿದುಳು ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಅದು ಬಹಳ ಗೋಳಾಡಿಸುತ್ತದೆ. ಸಿಟ್ಟು ಬರುತ್ತದೆ, ನಿದ್ದೆ ಬರುವದಿಲ್ಲ, ತಲೆ ಭಾರವಾಗುತ್ತದೆ, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲುವದಿಲ್ಲ. ಎರಡರಿಂದ ನಾಲ್ಕು ವಾರಗಳಲ್ಲಿ ಈ ಬಾಧೆ ಬಹುಮಟ್ಟಿಗೆ ಇಳಿಯುತ್ತದೆ. ನಡು ನಡುವೆ ಸೇದಬೇಕೆಂಬ ಆಸೆ ತೆರೆಯ ಹಾಗೆ ಏಳುತ್ತದೆ. ಏಳುವ ಪ್ರತಿಯೊಂದು ತೆರೆಯ ಆಯುಷ್ಯ ಕೆಲವೇ ನಿಮಿಷ. ಅಷ್ಟು ಹೊತ್ತು ಕೈಗೆ ಬಾಯಿಗೆ ಬೇರೆ ಏನಾದರೂ ಕೆಲಸ ಬೇಕು. ಒಂದು ತಂಬಿಗೆ ನೀರು ಕುಡಿಯಿರಿ, ಎರಡು ಲವಂಗ ಬಾಯಿಗೆ ಹಾಕಿಕೊಳ್ಳಿರಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಲಿಂಗಪೂಜೆಯ ರೂಢಿಯುಳ್ಳವರು ಕಣ್ಣುಮುಚ್ಚಿ ಕುಳಿತು ನಿಧಾನವಾಗಿ ಉಸಿರಾಡಿರಿ. ಬೀಡಿಯ ಬದಲು ಗುಟ್ಖಾ ಮಾತ್ರ ಬೇಡ. ಅದು ಕತ್ತಿಯನ್ನಿಟ್ಟು ಭರ್ಚಿ ಹಿಡಿದಂತೆ. ಹೊಗೆಯಿಲ್ಲದ ತಂಬಾಕು ಬಾಯಿಯ ಅರ್ಬುದರೋಗಕ್ಕೆ ನೇರ ದಾರಿ.

ಎರಡನೆಯದಾಗಿ ಅವರು ಸಂಗವನ್ನು ಬದಲಿಸಿದರು. ಸೈನಿಕರ ನಡುವೆ ಕುಳಿತು ಕತ್ತಿಯನ್ನು ಮರೆಯುವದು ಆಗದ ಮಾತು. ಹಂಪಿಗೆ ಹೋಗಿ ವ್ಯಾಸರಾಯರ ಶಿಷ್ಯರ ಗುಂಪನ್ನು ಸೇರಿದರು. ಅಲ್ಲಿ ಅವರಿಗೆ ಹೂವಿನ ಹಾಸಿಗೆಯೇನೂ ಇರಲಿಲ್ಲ. ಕುರುಬರವನೆಂದು ಮೂಗು ಮುರಿಯುವವರಿದ್ದರು, ಗುರುಗಳು ಇವನಿಗೇಕೆ ಇಷ್ಟು ಸಲಿಗೆ ಕೊಡುತ್ತಾರೆಂದು ಗೊಣಗುವವರಿದ್ದರು. ನಾಡನ್ನು ಆಳಿದ ಮನುಷ್ಯ ಇಂಥ ಮಾತುಗಳನ್ನು ಕೇಳಿಸಿಕೊಂಡು ಸುಮ್ಮನಿರಬೇಕಾದರೆ ಒಳಗೆ ಎಷ್ಟು ಬೆಂದಿರಬೇಕು! ಒಂದು ಕೂಗು ಹಾಕಿದರೆ ಹಳೆಯ ದಂಡು ಬರುತ್ತಿತ್ತೋ ಏನೋ. ಅವರು ಕೂಗಲಿಲ್ಲ.

ಅಲ್ಲಿಯ ಒಂದು ಕಥೆ ಹಳ್ಳಿಯ ಮಕ್ಕಳಿಗೂ ಗೊತ್ತು. ಮಂತ್ರೋಪದೇಶ ಬೇಡಿ ಬಂದ ಕನಕರಿಗೆ ಗುರುಗಳು ಕೋಣ ಎಂಬ ಎರಡಕ್ಷರವನ್ನು ಕೊಟ್ಟರಂತೆ. ಸಿಟ್ಟಿನಿಂದಲೋ, ತಮಾಷೆಗೋ, ಪರೀಕ್ಷೆಗೋ, ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಉಳಿದ ಶಿಷ್ಯರು ನಕ್ಕರು. ಕನಕರು ಅದನ್ನೇ ಹಿಡಿದು ಹಗಲಿರುಳು ಜಪಿಸಿದರು. ಕೊನೆಗೆ ಯಮನ ಕೋಣವೇ ಬಂದು ಎದುರು ನಿಂತಿತು. ಗುರುಗಳು ಕಟ್ಟಿಸುತ್ತಿದ್ದ ಕೆರೆಯ ತೂಬಿಗೆ ಅಡ್ಡವಾಗಿ, ಯಾರಿಂದಲೂ ಕದಲದೆ ಕುಳಿತಿದ್ದ ಬಂಡೆಯನ್ನು ಆ ಕೋಣ ಸರಿಸಿ ಹೋಯಿತು. ಬಿಡುವ ಉಪಾಯ ಯಾವುದು ಶ್ರೇಷ್ಠ ಎಂದು ನಮ್ಮನ್ನು ಕೇಳುವವರಿಗೆ ನಾವು ಈ ಕಥೆಯನ್ನೇ ಹೇಳುತ್ತೇವೆ. ಒಬ್ಬರು ಒಂದೇ ದಿನಕ್ಕೆ ಬಿಟ್ಟರಂತೆ, ಇನ್ನೊಬ್ಬರು ದಿನಕ್ಕೊಂದು ಕಡಿಮೆ ಮಾಡುತ್ತ ಬಿಟ್ಟರಂತೆ, ಮತ್ತೊಬ್ಬರು ಔಷಧಿ ತೆಗೆದುಕೊಂಡರಂತೆ ಎಂದು ಲೆಕ್ಕ ಹಾಕುತ್ತ ಕುಳಿತವರ ಕೆರೆಯ ಬಂಡೆ ಅಲ್ಲಿಯೇ ಇರುತ್ತದೆ. ಕಡಿಮೆ ಮಾಡುತ್ತ ಬಿಡುವವರು ಕೊನೆಯ ದಿನ ಯಾವುದೆಂಬುದನ್ನು ಮೊದಲೇ ಗೊತ್ತು ಮಾಡಿ ಮನೆಯವರಿಗೆ ಹೇಳಿಬಿಡಬೇಕು, ಅಷ್ಟೇ. ಇಲ್ಲವಾದರೆ ಕಡಿಮೆ ಮಾಡುವದೇ ಒಂದು ಚಟವಾಗುತ್ತದೆ.

ಈಗ ಬಾಳೆಯ ಹಣ್ಣಿನ ಕಥೆಗೆ ಬರೋಣ. ವ್ಯಾಸರಾಯರು ಎಲ್ಲ ಶಿಷ್ಯರಿಗೂ ಒಂದೊಂದು ಬಾಳೆಯ ಹಣ್ಣನ್ನು ಕೊಟ್ಟು, ಯಾರೂ ನೋಡದ ಕಡೆಗೆ ಹೋಗಿ ತಿಂದು ಬನ್ನಿರಿ ಎಂದು ಕಳಿಸಿದರು. ಒಬ್ಬ ಬಾಗಿಲ ಹಿಂದೆ ತಿಂದ, ಒಬ್ಬ ಮರದ ಮರೆಗೆ, ಒಬ್ಬ ಕಂಬಳಿಯ ಮುಸುಕಿನಲ್ಲಿ. ಎಲ್ಲರೂ ಸಿಪ್ಪೆ ಒಗೆದು ಬಂದು ತಮ್ಮ ತಮ್ಮ ಜಾಣತನವನ್ನು ಹೇಳಿಕೊಂಡರು. ಕನಕರು ಮಾತ್ರ ಹಣ್ಣನ್ನು ಹಾಗೆಯೇ ಹಿಡಿದು ತಂದರು. ಎಲ್ಲಿಗೆ ಹೋದರೂ ಅವನು ನೋಡುತ್ತಲೇ ಇದ್ದಾನೆ, ನೋಡದ ಜಾಗವೇ ಸಿಗಲಿಲ್ಲ ಎಂದರು.

ಈ ಕಥೆಯನ್ನು ದೇವರು ಸರ್ವಾಂತರ್ಯಾಮಿ ಎಂಬುದಕ್ಕೆ ದೃಷ್ಟಾಂತವಾಗಿ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಸೇದುವವರ ಮನೆಯಲ್ಲಿ ಇದಕ್ಕೆ ಇನ್ನೊಂದು ಅರ್ಥವಿದೆ. ಬಿಟ್ಟೆನೆಂದು ಮನೆಯಲ್ಲಿ ಹೇಳಿದ ಮನುಷ್ಯ ಎಲ್ಲಿ ಸೇದುತ್ತಾನೆ? ಹಿತ್ತಲಲ್ಲಿ, ಕಣದಲ್ಲಿ, ಬಸ್ ನಿಲ್ದಾಣದ ಹಿಂದೆ, ಕಚೇರಿಯ ಮಹಡಿಯ ಮೇಲೆ. ಬಾಯಿಗೆ ಏಲಕ್ಕಿ ಹಾಕಿಕೊಂಡು ಒಳಗೆ ಬರುತ್ತಾನೆ. ಹೆಂಡತಿಗೆ ವಾಸನೆ ಗೊತ್ತಾಗುತ್ತದೆ, ಗೊತ್ತಾಗದವಳ ಹಾಗೆ ಇರುತ್ತಾಳೆ. ಮಗನಿಗೂ ಗೊತ್ತಾಗುತ್ತದೆ; ಅವನು ಇನ್ನೂ ಚಿಕ್ಕವ, ಬೇರೆ ಪಾಠ ಕಲಿಯುತ್ತಾನೆ. ಎಲ್ಲರೂ ಎಲ್ಲರಿಂದಲೂ ಸಿಪ್ಪೆಯನ್ನು ಮುಚ್ಚಿಡುವ ಮನೆ ಅದಾಗುತ್ತದೆ. ಕನಕರು ಹಣ್ಣನ್ನು ತಿನ್ನಲಾಗಲಿಲ್ಲವೆಂದು ಎಲ್ಲರೆದುರಿಗೆ ಹೇಳಿ ಕೈ ಚಾಚಿ ತೋರಿಸಿದರಲ್ಲ, ಅಷ್ಟು ಧೈರ್ಯ ನಮಗೆ ಬೇಕಾದದ್ದು ಬೇರೆ ಗಳಿಗೆಯಲ್ಲಿ. ಇಂದು ಒಂದು ಸೇದಿಬಿಟ್ಟೆ ಎಂದು ಮನೆಯವಳ ಎದುರಿಗೆ ಹೇಳಬೇಕಾದ ಗಳಿಗೆಯಲ್ಲಿ. ಹಾಗೆ ಹೇಳಿದವನು ಮರುದಿನ ಮತ್ತೆ ಬಿಡಬಲ್ಲ. ಮುಚ್ಚಿಟ್ಟವನು ಒಂದನ್ನು ಮುಚ್ಚಿಡಲು ಇನ್ನೊಂದನ್ನು ಸೇದುತ್ತಾನೆ. ಮನೆಯವರಿಗೂ ನಮ್ಮ ಒಂದು ಮಾತಿದೆ. ಹೇಳಿದ ದಿನ ಬೈಯಬೇಡಿರಿ ತಾಯಂದಿರಾ. ಬೈದರೆ ಎರಡನೆಯ ಸಲ ಅವರು ಹೇಳುವದಿಲ್ಲ.

ಇನ್ನೊಂದು ಪ್ರಸಂಗ. ಸಭೆಯಲ್ಲಿ ಮೋಕ್ಷಕ್ಕೆ ಯಾರು ಹೋಗಬಲ್ಲರು ಎಂಬ ಚರ್ಚೆ ಬಂತು. ದೊಡ್ಡ ದೊಡ್ಡ ಪಂಡಿತರ ಹೆಸರುಗಳನ್ನು ಎತ್ತಿ ಕೇಳಿದರೆ ಕನಕರು ಎಲ್ಲದಕ್ಕೂ ಇಲ್ಲವೆಂದು ತಲೆಯಾಡಿಸಿದರು. ನೀನು ಹೋಗುವೆಯಾ ಎಂದು ಗುರುಗಳು ಕೇಳಿದಾಗ, ನಾನು ಎಂಬುದು ಹೋದರೆ ಹೋಗಬಹುದು ಎಂಬರ್ಥದ ಉತ್ತರ ಕೊಟ್ಟರಂತೆ. ಸಭೆ ಮೊದಲು ಸಿಟ್ಟಾಗಿ, ಅರ್ಥವಾದ ಮೇಲೆ ಸುಮ್ಮನಾಯಿತು.

ಆ ಉತ್ತರದ ತತ್ತ್ವಾರ್ಥವನ್ನು ವಿವರಿಸಲು ಇಂದು ಸ್ಥಳವಿಲ್ಲ. ನಾವು ಕಂಡ ಒಂದು ಸಣ್ಣ ಸಂಗತಿಯನ್ನಷ್ಟೇ ಹೇಳುತ್ತೇವೆ. ಬೀಡಿ ಬಿಟ್ಟ ಹೊಸತರಲ್ಲಿ ಯಾರಾದರೂ ಬೀಡಿ ಚಾಚಿದರೆ ಕೆಲವರು, ಸದ್ಯ ಬಿಟ್ಟಿದ್ದೇನೆ, ನೋಡೋಣ ಎನ್ನುತ್ತಾರೆ. ಇನ್ನು ಕೆಲವರು, ನಾನು ಸೇದುವವನಲ್ಲ ಎನ್ನುತ್ತಾರೆ. ಮೊದಲನೆಯವರಲ್ಲಿ ಸೇದುವ ಹಳೆಯ ನಾನು ಇನ್ನೂ ಕಟ್ಟೆಯ ಮೇಲೆ ಕುಳಿತಿದ್ದಾನೆ. ಎರಡನೆಯವರಲ್ಲಿ ಅವನು ಎದ್ದು ಹೋಗಿದ್ದಾನೆ. ತಿಮ್ಮಪ್ಪ, ಕನಕನಾಯಕ, ಕನಕದಾಸ ಎಂದು ಹೆಸರು ಬದಲಾದದ್ದು ಸುಮ್ಮನೆ ಅಲ್ಲ. ಕನಕದಾಸರ ಕೈಗೆ ಯಾರಾದರೂ ಕತ್ತಿ ಕೊಟ್ಟಿದ್ದರೆ ಅವರು ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಗೋಡೆಗೆ ಒರಗಿಸುತ್ತಿದ್ದರೆಂದು ನಮಗೆ ತೋರುತ್ತದೆ. ಒಂದೇ ಒಂದು, ಇವತ್ತು ಮಾತ್ರ ಎಂಬ ಮಾತಿಗೆ ಮೋಸ ಹೋಗುವವರು ಕಟ್ಟೆಯ ಮೇಲಿನ ಆ ಹಳೆಯ ಯಜಮಾನರೇ. ತಿಂಗಳುಗಟ್ಟಲೆ ಬಿಟ್ಟು ಇದ್ದವರನ್ನು ಒಂದು ಮದುವೆಯ ಪಂಕ್ತಿಯ ನಂತರದ ಒಂದು ಬೀಡಿ ಮತ್ತೆ ಕಟ್ಟಿಗೆ ತಂದು ಹಚ್ಚಿದ್ದನ್ನು ಎಷ್ಟು ಸಲ ಕಂಡಿದ್ದೇವೆ!

ಕನಕದಾಸರು ಊರೂರು ತಿರುಗಿದರು. ತಿರುಪತಿ, ಉಡುಪಿ, ಹಂಪಿ. ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ, ರಾಮಧಾನ್ಯಚರಿತ್ರೆಗಳನ್ನು ಬರೆದರು. ಇವುಗಳಲ್ಲಿ ರಾಮಧಾನ್ಯಚರಿತ್ರೆ ನಮಗೆ ಬಹಳ ಪ್ರೀತಿಯದು. ರಾಗಿಗೂ ಅಕ್ಕಿಗೂ ಜಗಳ ಹಚ್ಚಿ, ಬಡವರ ರಾಗಿಯನ್ನು ರಾಮನ ಕೈಯಿಂದ ಗೆಲ್ಲಿಸಿದ ಕಾವ್ಯ. ಅದರ ಮಾತು ಇನ್ನೊಮ್ಮೆ ಆಡೋಣ. ಎಲ್ಲಿಗೆ ಹೋದರೂ, ಯಾವ ಊರಿನಲ್ಲಿ ಹಾಡು ಕಟ್ಟಿದರೂ, ಹಾಡಿನ ಕೊನೆಗೆ ಅವರು ಹಾಕಿದ ಅಂಕಿತ ಕಾಗಿನೆಲೆಯ ಆದಿಕೇಶವನದು. ಕತ್ತಿ ಬಿಟ್ಟ ಊರಿನ ಹೆಸರು, ಬಿಡಿಸಿದ ದೇವರ ಹೆಸರು. ಪ್ರತಿ ಹಾಡಿಗೊಮ್ಮೆ ಅದನ್ನು ನೆನೆದರು. ಒಮ್ಮೆ ಮಾಡಿದ ಸಂಕಲ್ಪ ಜೀವಮಾನಕ್ಕೆ ಸಾಕಾಗುತ್ತದೆಂದು ಅವರು ನಂಬಿದ್ದಿಲ್ಲವೆಂದು ಇದರಿಂದ ಕಾಣುತ್ತದೆ. ಬೀಡಿ ಬಿಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ದಿನಾ ಬೆಳಿಗ್ಗೆ ಒಂದು ಗೆರೆ ಎಳೆಯುವ ಭಕ್ತರೊಬ್ಬರು ನಮಗೆ ಗೊತ್ತು. ಮೊಮ್ಮಕ್ಕಳು ನಗುತ್ತಾರೆ. ಅವರು ಗೆರೆ ಎಳೆಯುವದನ್ನು ನಿಲ್ಲಿಸಿಲ್ಲ.

ಉಡುಪಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಗುಡಿಯೊಳಗೆ ಬಿಡಲಿಲ್ಲ, ಹಿಂದೆ ನಿಂತು ಹಾಡಿದರು, ಗೋಡೆ ಬಿರಿಯಿತು, ಕೃಷ್ಣ ತಿರುಗಿ ಕಿಂಡಿಯಿಂದ ದರ್ಶನ ಕೊಟ್ಟ ಎಂದು ನಂಬಿಕೆ. ಬಾಗಿಲು ಮುಚ್ಚಿದ ಆ ದಿನ ಕನಕರು ಹಳೆಯ ಬಾಳಿಗೆ ಮರಳಿ ಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಮಾನವಾದ ದಿನ, ಸಾಲಗಾರ ಬಂದು ಹೋದ ದಿನ, ಮಳೆ ಕೈಕೊಟ್ಟ ದಿನವೇ ಅಲ್ಲವೇ ನಮ್ಮ ಕೈ ಅಂಗಿಯ ಜೇಬಿಗೆ ಹೋಗುವದು?

ಇಂಥ ದಿನಗಳಲ್ಲಿ ಒಂಟಿಯಾಗಿ ನಿಲ್ಲುವದು ಕಷ್ಟವೆಂದು ಅರಿತವರು ಇಳಕಲ್ಲಿನ ಮಹಾಂತ ಅಪ್ಪಗಳು. ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಹೊರಟರು. ಜೋಳಿಗೆಗೆ ಜೋಳ ಬೇಡಲಿಲ್ಲ, ದುಡ್ಡು ಬೇಡಲಿಲ್ಲ. ನಿಮ್ಮ ಚಟವನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. ಹಳ್ಳಿಯ ಜನ ಬೀಡಿಯ ಕಟ್ಟು, ತಂಬಾಕಿನ ಚೀಲ, ಕುಡಿತದ ಚಟ ಎಲ್ಲವನ್ನೂ ಆ ಜೋಳಿಗೆಗೆ ಹಾಕಿ ಕೈಮುಗಿದರು. ಎಲ್ಲರ ಎದುರಿಗೆ, ಹಗಲು ಹೊತ್ತಿನಲ್ಲಿ. ಬಾಳೆಯ ಹಣ್ಣಿನ ಕಥೆ ಅಲ್ಲಿಗೆ ಪೂರ್ಣವಾಯಿತೆಂದು ನಮಗೆ ಅನ್ನಿಸುತ್ತದೆ. ಗುರುವಿಗೆ ಕೊಟ್ಟದ್ದನ್ನು ತಿರುಗಿ ಕೇಳುವ ಹಾಗಿಲ್ಲವಲ್ಲ! ಅಪ್ಪಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.

ಜೋಳಿಗೆಯೂ ಇರಲಿ, ಔಷಧಿಯೂ ಇರಲಿ. ಮಠಕ್ಕೆ ಬಂದವರನ್ನು ಆಸ್ಪತ್ರೆಗೆ ಕಳಿಸಲು ನಮಗೆ ಸಂಕೋಚವಿಲ್ಲ. ನಿಕೋಟಿನ್ ಇರುವ ಅಗಿಯುವ ಗಮ್ ಎರಡು ಮತ್ತು ನಾಲ್ಕು ಮಿಲಿಗ್ರಾಂ ಅಳತೆಯಲ್ಲಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರನ್ನು ಕೇಳಿ ತೆಗೆದುಕೊಳ್ಳಬೇಕು. ಅವರೇ ಬರೆದುಕೊಡುವ ಗುಳಿಗೆಗಳೂ ಇವೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ ಎಂಬ ಉಚಿತ ದೂರವಾಣಿ ಸೇವೆ 2016ರಲ್ಲಿ ಆರಂಭವಾಯಿತು. ಸಂಖ್ಯೆ 1800-11-2356. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯೂ ಈ ಸೇವೆಯ ಒಂದು ಕೇಂದ್ರವಾದ್ದರಿಂದ ಕನ್ನಡದಲ್ಲಿಯೇ ಮಾತಾಡಬಹುದು. ಬಿಟ್ಟ ಹನ್ನೆರಡು ತಾಸಿನಲ್ಲಿ ರಕ್ತದೊಳಗಿನ ಹೊಗೆಯ ವಿಷಾನಿಲ ಸಹಜ ಮಟ್ಟಕ್ಕೆ ಇಳಿಯುತ್ತದೆ. ಒಂದು ವರ್ಷ ಕಳೆದರೆ ಹೃದಯರೋಗದ ಭಯ ಸೇದುವವರಿಗಿಂತ ಸುಮಾರು ಅರ್ಧಕ್ಕೆ ಬರುತ್ತದೆ. ಅರವತ್ತು ದಾಟಿದ ಮೇಲೆ ಬಿಟ್ಟು ಏನು ಪ್ರಯೋಜನ ಎನ್ನುವವರಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಮುಪ್ಪಿನಲ್ಲಿ ಕನಕದಾಸರು ತಿರುಗಿ ಕಾಗಿನೆಲೆಗೆ ಬಂದು ನೆಲೆಸಿದರೆಂದು ಇಲ್ಲಿಯವರು ಹೇಳುತ್ತಾರೆ. ಅವರ ಬೃಂದಾವನವನ್ನೂ ತೋರಿಸುತ್ತಾರೆ. ಯಾವ ಓಣಿಗಳಲ್ಲಿ ಕುದುರೆಯ ಮೇಲೆ ಹೋಗುತ್ತಿದ್ದರೋ ಅದೇ ಓಣಿಗಳಲ್ಲಿ ತಂಬೂರಿ ಹಿಡಿದು ನಡೆದಿರಬೇಕು. ಹಿಂದೆ ಕೈಕೆಳಗಿದ್ದ ಮನೆತನಗಳವರ ಅಂಗಳದಲ್ಲಿ ನಿಂತು ಹಾಡಿರಬೇಕು.

ಗುಡಿಯಿಂದ ನಾವು ಹೊರಗೆ ಬಂದಾಗ ಆ ಹಿರಿಯರು ಚಪ್ಪಲಿ ಮೆಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ಅರ್ಧ ಬೀಡಿ ಇನ್ನೂ ಕಿವಿಯ ಮೇಲೆಯೇ ಇತ್ತು. ನಾವು ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ, ಬುದ್ಧಿ, ಹಾದಿಯಲ್ಲಿ ಒಂದು ನಂಬರು ಹೇಳಿದಿರಲ್ಲ ಎಂದು ಕೇಳಿದರು. ಕುಂಕುಮದ ಪೊಟ್ಟಣದ ಹಿಂದೆ ಬರೆದುಕೊಟ್ಟೆವು. ಓದಿ ನೋಡಿ, ಮಡಚಿ, ಬೀಡಿಯ ಕಟ್ಟು ಇದ್ದ ಜೇಬಿನಲ್ಲಿಯೇ ಇಟ್ಟುಕೊಂಡರು.